ಲವಂಗದೆಣ್ಣೆ ಸೀಸೆ ಹುಡುಕಬೇಡಿ

ಅಪ್ಪಾ,

ಲವಂಗದೆಣ್ಣೆ ಸೀಸೆಗೆ ಮನೆಯೆಲ್ಲ ಜಾಲಾಡಬೇಡಿ, ನನ್ನ ಚೀಲದಲ್ಲಿದೆ. ಎಸೆದೆ ಅಂದಿದ್ರಿ, ಹಕ್ಕಿಯ ಕಾಳಿನ ಡಬ್ಬಿಯಲ್ಲಿ ಸಿಕ್ಕಿತು!

ಲವಂಗದ ಸಿಗರೇಟಿಗೇ ಹೆಸರಾದ ಕುದುಸ್ ಊರಲ್ಲಿ ಹುಟ್ಟಿ ನಲವತ್ತು ವರ್ಷ ಲವಂಗದ ಸಿಗರೇಟು ಸೇದಿದವರಿಗೆ ಈ ಇ-ಸಿಗರೇಟು ಸಪ್ಪೆ ಅನ್ನಿಸುತ್ತೆ, ಒಪ್ಪಿದೆ. ಹಾಗಂತ ಅದರೊಳಗೆ ಹಲ್ಲುನೋವಿನ ಎಣ್ಣೆ ಸುರಿದು ಸೇದೋದಾ? ಹತ್ತು ದಿನ ನೀವು ಕೆಮ್ಮಿದಾಗೆಲ್ಲ ನನಗೆ ದೊಡ್ಡಪ್ಪನ ಗಂಟಲ ಕ್ಯಾನ್ಸರೇ ಕಣ್ಣಮುಂದೆ ಬರ್ತಿತ್ತು. ಆ ಇ-ಸಿಗರೇಟು ತಂದುಕೊಟ್ಟವಳೂ ನಾನೇ. ಲವಂಗದ ವಾಸನೆ ಬಂದರೂ ಅನುಮಾನ ಬರಲಿಲ್ಲ. ದಿನವಿಡೀ ಫ್ಯಾಕ್ಟರಿಯಲ್ಲಿ ಲವಂಗದ ಸಿಗರೇಟು ಸುತ್ತೋಳು, ನನ್ನ ಕೈಯದೇ ಅಂದುಕೊಂಡೆ.

ಶನಿವಾರ ಡಾಕ್ಟರಮ್ಮ ಗಂಟಲಿಗೆ ಕೊಳವೆ ಇಳಿಸಿ ನೋಡಿ, "ಗಡ್ಡೆ ಗಿಡ್ಡೆ ಏನೂ ಇಲ್ಲ. ಏನು ಬೆರೆಸಿ ಸೇದ್ತೀರಿ ಯಜಮಾನ್ರೇ, ಒಳಗೆಲ್ಲ ಸುಟ್ಟಿದೆ?" ಅಂದಾಗ ನಿಮ್ಮ ಮುಖ ನೋಡಬೇಕಿತ್ತು. ನಾನು ಅಲ್ಲೇ ನಕ್ಕುಬಿಟ್ಟೆ. ಆಮೇಲೆ ಹೊರಗೆ ಬಂದು ಅತ್ತುಬಿಟ್ಟೆ, ಅದು ನಿಮಗೆ ಗೊತ್ತಿಲ್ಲ.

ಫ್ಲಾಸ್ಕಿನಲ್ಲಿ ಶುಂಠಿ-ಬೆಲ್ಲದ ನೀರಿದೆ. ನಾನು ಬರೋಷ್ಟರಲ್ಲಿ ಖಾಲಿ ಆಗಿರಬೇಕು. ಕರಿದ ಸೋಯಾ ತೆಂಪೆ ಮುಟ್ಟಬೇಡಿ, ಸಾರನ್ನ ಬಿಸಿ ಮಾಡ್ಕೊಳ್ಳಿ. ಸೇದಲೇಬೇಕು ಅಂದ್ರೆ ಸಣ್ಣ ದಮ್ಮು, ನಡುನಡುವೆ ನೀರು. ಹಳೇ ಚಾಳಿಯಂತೆ ಎದೆತುಂಬ ಎಳೀಬೇಡಿ.

ಬೆಳಿಗ್ಗೆ ನೀವು ಪಂಜರದ ಮುಂದೆ ನಿಂತು ಶಿಳ್ಳೆ ಹಾಕಿದ್ದು ಕೇಳಿಸಿತು. ನಿಮ್ಮ ಶಿಳ್ಳೆಯಿಲ್ಲದೆ ಹತ್ತು ದಿನ ಮೂಕವಾಗಿದ್ದ ಹಕ್ಕಿ ಕೊನೆಗೂ ಉತ್ತರ ಕೊಟ್ಟಿತು. ಬಚ್ಚಲಲ್ಲಿ ನಲ್ಲಿ ನಿಲ್ಲಿಸಿ, ನಿಮ್ಮಿಬ್ಬರ ಹಾಡು ಮುಗಿಯೋ ತನಕ ಹಾಗೇ ನಿಂತಿದ್ದೆ.

ಫ್ಯಾಕ್ಟರಿಗೆ ಹೋಗೋ ಮೊದಲ ಬಸ್ಸು ತಪ್ಪಿತು. ತಪ್ಪಲಿ ಬಿಡಿ.

ಸೆಕಾರ್