ದಸ್ತ, ಹಸ್ತ, ಅಸ್ತ

ಚಂದ್ರಿಕಾ,

ಇವತ್ತು ನರಸೀಪುರದ ಬಸ್ಸಿನಲ್ಲಿ ಪೇಪರ್ ಓದುತ್ತಿದ್ದೆ. ಯಾರೋ ಕಳ್ಳನ ದಸ್ತಗಿರಿ ಸುದ್ದಿ. ಆ ಪದ ಎಲ್ಲಿಂದ ಬಂತೆಂದು ಪಕ್ಕದಲ್ಲಿದ್ದ ಸಂಸ್ಕೃತದ ಮೇಷ್ಟ್ರನ್ನು ಕೇಳಿದೆ.

“ಕೈ ಹಿಡಿಯೋದು ಅಂತ. ಪಾರ್ಸಿಯ ದಸ್ತ, ನಮ್ಮ ಹಸ್ತ, ಎರಡೂ ಒಂದೇ ತಾಯಿ ಮಕ್ಕಳು ಕಣಯ್ಯ.”

“ಆ ತಾಯಿ ಎಂಗಿದ್ಲು ಸಾ? ದಸ್ತನ ಥರವೋ, ಅಸ್ತನ ಥರವೋ?”

“ಮೊದ್ಲು ಹಸ್ತ ಅನ್ನು! ಹಳೇ ಇರಾನಲ್ಲಿ ಜಸ್ತ ಅಂತಾನೂ ಇತ್ತು. ಮೂರನ್ನೂ ಹೋಲಿಸಿದ್ರೆ ತಾಯಿ ಝಸ್ತ ಅನ್ನೋ ಥರ ಇದ್ದಿರಬೇಕು. ಕಂಡೋರಿಲ್ಲ, ಊಹೆ.”

ಹಿಂದೆ ಹೀಗೆ ನನ್ನ ಹಕಾರ ತಿದ್ದಿ ನಗುತ್ತಿದ್ದವಳು ನೀನು. ನಿನ್ನ ಕೈ ಹಿಡಿದವರ ಊರು ದಾಟುವವರೆಗೂ ಝಸ್ತ, ಝಸ್ತ ಎಂದು ಗೊಣಗುತ್ತಾ ಕೂತೆ. ಅದರಲ್ಲಿ ನೀನು ತಿದ್ದುವುದಕ್ಕೆ ಹಕಾರವೇ ಇಲ್ಲ.