ಮೇಜಿನ ಕೆಳಗಿನಿಂದ ಬಿಡಿಸಿದ ಚಿತ್ರ

ಕಾಕ್ಸ್ ಟೌನ್, ಬೆಂಗಳೂರು
೧೭ ಆಗಸ್ಟ್ ೨೦೦೩

ಪ್ರೀತಿಯ ಹೇಮಶ್ರೀ,

ಡಾಕ್ಟರ್ ಹೇಮಶ್ರೀ ಎಂದು ಬರೆದು ಹೊಡೆದುಹಾಕಿದೆ. ರೂಢಿಯಾಗಲು ಇನ್ನೂ ಕೆಲವು ದಿನ ಬೇಕು. ನಿನ್ನ ಪಿಎಚ್‌.ಡಿ. ವೈವಾ ಮುಗಿದು ಮೂರು ವಾರವಾಯಿತು, ಅಭಿನಂದನೆ ತಡವಾದದ್ದಕ್ಕೆ ಕ್ಷಮಿಸು. ನೀನು ಎರಡು ಸಲ ಫೋನ್ ಮಾಡಿದೆಯಂತೆ, ಮನೆಯೊಡತಿ ಗೋವಿಂದಮ್ಮ ಹೇಳಿದರು. ನಾನು ಮನೆಯಲ್ಲೇ ಇದ್ದೆ.

ಇಲ್ಲಿ ಎದುರಿನ ಹಳೆಯ ಮನೆ ಕೆಡವುತ್ತಿದ್ದಾರೆ, ಪುಸ್ತಕಗಳ ಮೇಲೆಲ್ಲ ಧೂಳು. ನನ್ನ ಪ್ರಬಂಧ ಮೂರನೇ ಅಧ್ಯಾಯದಲ್ಲೇ ನಿಂತಿದೆ. ‘ಇಬ್ಬರೂ ಒಂದೇ ದಿನ ರಿಜಿಸ್ಟರ್ ಆದೋರು, ನೀವು ಯಾಕ್ರೀ ಹಿಂದೆ ಬಿದ್ರಿ?’ ಎಂದು ಗೈಡ್ ಕೇಳಿದರು. ಶಾಲೆಯ ಮಕ್ಕಳ ಮನಸ್ಸು ಓದುವುದು ನಿಧಾನದ ಕೆಲಸ ಸಾರ್, ಎಂದೆ. ನಕ್ಕರು.

ನಿನ್ನ ವೈವಾ ದಿನ ನಾನೂ ಸಭಿಕರಲ್ಲಿ ಕೂತಿದ್ದೆ, ಪರದೆಯ ಮೇಲೆ ನಿನ್ನ ‘ಪ್ರಕರಣ ಏಳು’ ಬಂತು. ಮಗು ಬಿಡಿಸಿದ ಚಿತ್ರ: ಒಂದು ಮೇಜು, ಅದರಡಿ ಎರಡು ಪಾದ, ಮುಖವಿಲ್ಲ. ‘ತಾಯಿ ಸಂಶೋಧಕಿ, ರಾಯಚೂರಿನವರು. ಮಗಳು ಮನೆಯಲ್ಲಿ ಮಾತಾಡುತ್ತಾಳೆ, ಶಾಲೆಯಲ್ಲಿ ಇಲ್ಲ. ತಾಯಿಯ ಓದು ಮಗುವಿನ ಬಾಯಿ ಮುಚ್ಚಿಸಿದೆ’ ಎಂದು ನೀನು ವಿವರಿಸಿದೆ. ಹೆಸರು ಹೇಳಲಿಲ್ಲ, ಅಷ್ಟು ನಿಯಮ ಪಾಲಿಸಿದೆ. ಆ ಚಿತ್ರವನ್ನು ನಿನಗೆ ನಾನೇ ಬೇಕರಿ ಮುಂದೆ ದಿಲ್‌ಪಸಂದ್ ತಿನ್ನುತ್ತ ಕೊಟ್ಟಿದ್ದೆ. ‘ಫ್ರೆಂಡಾಗಿ ನೋಡ್ತೀನಿ ಕೊಡೇ’ ಅಂದಿದ್ದವಳು ನೀನು.

ನಾನು ಓದುವಾಗ ನನ್ನ ಗಂಗಾ ಮೇಜಿನ ಕೆಳಗೆ ಕೂತು ಆಡುತ್ತಾಳೆ. ಅಲ್ಲಿಂದ ಅವಳಿಗೆ ಕಾಣುವುದು ನನ್ನ ಪಾದ. ಕಂಡದ್ದನ್ನು ಬಿಡಿಸಿದಳು. ಶಾಲೆಯಲ್ಲಿ ಅವಳು ಮಾತು ಬಿಟ್ಟದ್ದು ಅವಳ ರಾಯಚೂರು ಧಾಟಿಯ ‘ಹೌದ್ರೀ’ಗೆ ಇಡೀ ಕ್ಲಾಸು ನಕ್ಕ ದಿನ. ಅದನ್ನೂ ನಿನಗೆ ಹೇಳಿದ್ದೆ. ನಿನ್ನ ಪ್ರಬಂಧದಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ.

‘ಸಭಿಕರಲ್ಲಿ ಯಾರಿಗಾದರೂ ಪ್ರಶ್ನೆ?’ ಎಂದು ಅಧ್ಯಕ್ಷರು ಎರಡು ಸಲ ಕೇಳಿದರು. ನಾನು ಎದ್ದಿದ್ದರೆ ಏಳನೇ ಪ್ರಕರಣ ಯಾರೆಂದು ಕೋಣೆಗೆಲ್ಲ ತಿಳಿಯುತ್ತಿತ್ತು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ನನ್ನ ರಿಜಿಸ್ಟ್ರೇಷನ್ ರದ್ದು ಮಾಡಲು ನಾಳೆ ಅರ್ಜಿ ಕೊಡುತ್ತೇನೆ.

ನಿನಗೆ ಒಳ್ಳೆಯ ಕೆಲಸ ಸಿಗಲಿ. ನಿನ್ನ ಬಳಿ ಬರುವ ಮಕ್ಕಳು ಚೆನ್ನಾಗಿರಲಿ.

ರೇವತಿ

ತಾ.ಕ.: ಅವತ್ತು ಗಂಗಾಳೂ ಬಂದಿದ್ದಳು. ನಿನ್ನನ್ನು ನೋಡಬೇಕೆಂದು ಹಟ ಹಿಡಿದು, ಹೊಸ ಫ್ರಾಕು ತೊಟ್ಟು. ನೀನು ಗಮನಿಸಲಿಲ್ಲ. ಚಿತ್ರ ಕಂಡೊಡನೆ ನನ್ನ ಕಿವಿಯಲ್ಲಿ, ‘ಅವ್ವಾ, ಅದು ನಂದಲ್ಲೇನು?’ ಎಂದಳು. ‘ನಿಂದಲ್ಲ, ಸುಮ್ನಿರು’ ಎಂದೆ. ಅಂದಿನಿಂದ ಮನೆಯಲ್ಲೂ ಸುಮ್ಮನಿದ್ದಾಳೆ. ಮೇಜಿನ ಕೆಳಗೂ ಬರುವುದಿಲ್ಲ.