ಒಪ್ಪಿಗೆಯ ಗುಂಡಿ

ಮನೆಯಿಂದ,
ಮೇ ೧೧, ಭಾನುವಾರ

ಪ್ರೀತಿಯ ಅಪ್ಪಾ,

ಕೆಮ್ಮು ಹೇಗಿದೆ? ನಿದ್ದೆ ಬರುತ್ತಿದೆಯೇ? ನುಂಗಿದೆ ಎಂದು ನರ್ಸಿಗೆ ಹೇಳಿ ಮಾತ್ರೆಯನ್ನು ದಿಂಬಿನಡಿ ಬಚ್ಚಿಡಬೇಡ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ನಾನು ಚೆನ್ನಾಗಿದ್ದೇನೆ. ಬಚ್ಚಲಿನ ನಲ್ಲಿಯನ್ನು ನಾನೇ ರಿಪೇರಿ ಮಾಡಿದೆ. ಮೊದಲು ಹನಿ ಹನಿ ಸೋರುತ್ತಿತ್ತು, ಈಗ ಧಾರಾಳವಾಗಿ ಸೋರುತ್ತದೆ.

ಲಾಂಡ್ರಿಯ ಸುದ್ದಿ ಹೇಳಬೇಕು. ನಮ್ಮ ಕೂಲಿ ಹೇಗೆಂದು ನಿನಗೆ ಗೊತ್ತಲ್ಲ: ಬೆಳಿಗ್ಗೆ ಮೊಬೈಲ್ ಕೂಗುತ್ತದೆ, ಇವತ್ತಿನ ಪಾಳಿಗೆ ಇಷ್ಟು ಎಂದು ತೋರಿಸುತ್ತದೆ, ಒಪ್ಪಿಗೆಯ ಗುಂಡಿ ಒತ್ತಿದರೆ ಕೆಲಸ. ನೀನು ಆಸ್ಪತ್ರೆ ಸೇರಿದ ಮೇಲೆ ನನ್ನ ಕೂಲಿ ಇಳಿಯುತ್ತಲೇ ಬಂತು. ಪಕ್ಕದಲ್ಲೇ ನಿಂತು ಅದೇ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವ ಗುಂಗುರುಗೂದಲಿನವಳದು ಇಳಿಯಲಿಲ್ಲ. ಇವಳೇ ಸೂಪರ್‌ವೈಸರ್ ಹತ್ತಿರ ನನ್ನ ಮೇಲೆ ಚಾಡಿ ಹೇಳುತ್ತಿದ್ದಾಳೆ ಎಂದು ಅನುಮಾನ ಹತ್ತಿತು. ಮಾತು ಬಿಟ್ಟೆ. ಊಟಕ್ಕೂ ಬೆನ್ನು ತಿರುಗಿಸಿ ಕೂತೆ.

ಅಷ್ಟರಲ್ಲಿ ಹೊಸ ಕಾನೂನು ಬಂತು. ಕೆಲಸಗಾರರ ಮನೆವಿಷಯ, ಅವರ ಅವಸರ ನೋಡಿಕೊಂಡು ಕಂಪ್ಯೂಟರ್ ಒಬ್ಬೊಬ್ಬರಿಗೆ ಒಂದೊಂದು ಕೂಲಿ ಕಟ್ಟುವಂತಿಲ್ಲವಂತೆ. ಸೂಪರ್‌ವೈಸರ್ ನಮ್ಮನ್ನೆಲ್ಲ ಸೇರಿಸಿ, “ಇನ್ಮೇಲೆ ಎಲ್ರಿಗೂ ಒಂದೇ ಕೂಲಿ, ಖುಷಿನಾ?” ಎಂದು ಹಲ್ಲುಕಿರಿದ. ಮರುದಿನ ಕೂಲಿ ಒಂದೇ ಬಂತು, ನಿಜ. ಆದರೆ ಅದರ ಕೆಳಗೆ ‘ಪ್ರೋತ್ಸಾಹಧನ’ ಎಂಬ ಹೊಸ ಸಾಲು! ತಡೆಯಲಾರದೆ ಗುಂಗುರಿನವಳ ಮೊಬೈಲಿಗೆ ಕಣ್ಣು ಹಾಯಿಸಿದೆ. ಅವಳದು ನನ್ನದರ ಎರಡರಷ್ಟಿತ್ತು.

“ನನ್ನ ಬಗ್ಗೆ ಅವನಿಗೆ ಏನು ಹೇಳಿದ್ದೀಯ?” ಎಂದು ಕೇಳಿಯೇಬಿಟ್ಟೆ.

“ಹೇಳೋಕೆ ನೀನು ನನ್ನ ಜೊತೆ ಮಾತಾಡಿದ್ರೆ ತಾನೇ?” ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, “ಅದು ಕೂಗಿದ ತಕ್ಷಣ ಒತ್ತಿಬಿಡ್ತೀಯಾ? ನಾನು ಮುಖ ತೊಳೆದು, ಮನಸ್ಸಾದ್ರೆ ಒತ್ತೋದು” ಎಂದಳು.

ಥಟ್ಟನೆ ಹೊಳೆಯಿತು ಅಪ್ಪಾ. ಎಲ್ಲಿ ಕೆಲಸ ತಪ್ಪಿಹೋಗುತ್ತದೋ ಎಂದು ನಾನು ಮೊಬೈಲನ್ನು ಕೈಯಲ್ಲೇ ಹಿಡಿದು ಮಲಗುತ್ತಿದ್ದೆ. ಅವಸರದವಳು ಕಡಿಮೆಗೂ ಒಪ್ಪುತ್ತಾಳೆ ಎಂದು ಕಂಪ್ಯೂಟರಿನ ಲೆಕ್ಕ! ಆ ವಾರ ಇಬ್ಬರೂ ಅದಲುಬದಲು ಮಾಡಿ ನೋಡಿದೆವು. ಅವಳು ಕೂಗಿದ ಕೂಡಲೇ ಒತ್ತಿದಳು. ನಾನು ಮೊಬೈಲ್ ಪಕ್ಕಕ್ಕಿಟ್ಟು, ಕಾಫಿ ಕುಡಿದು ಆಮೇಲೆ ಒತ್ತಿದೆ. ಅವಳ ಪ್ರೋತ್ಸಾಹಧನ ಇಳಿಯಿತು, ನನ್ನದು ಏರಿತು. ಕೈಯಾರೆ ನಷ್ಟ ಮಾಡಿಕೊಂಡ ಇವಳನ್ನು ಚಾಡಿಬುರುಕಿ ಅಂದುಕೊಂಡಿದ್ದೆನಲ್ಲ!

ಇಬ್ಬರೂ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿಣಿ ಎರಡೂ ಮೊಬೈಲ್ ನೋಡಿ, “ಹೆಸರು ಬದಲಾಯಿಸಿದ ಮಾತ್ರಕ್ಕೆ ಕೂಲಿ ಅಲ್ಲ ಅಂತ ಆಗುತ್ತಾ?” ಎಂದು ದೂರು ಬರೆದುಕೊಂಡರು. ನಿನ್ನೆಯಿಂದ ಆ ಸಾಲು ಮಾಯ. ಎಷ್ಟು ದಿನವೋ, ನಾನಂತೂ ನಂಬಿಲ್ಲ.

ಪಕ್ಕದ ಹಾಸಿಗೆಯ ಅಜ್ಜನಿಗೆ ನನ್ನ ನಮಸ್ಕಾರ ಹೇಳು. ಇಸ್ಪೀಟಿನಲ್ಲಿ ಅವರಿಗೆ ಮೋಸ ಮಾಡಬೇಡ.

ನಿನ್ನ
ಮೊಂಡಿ

ಇನ್ನೊಂದು ಮಾತು, ಅಪ್ಪಾ. ನಿನ್ನೆ ಗೇಟಿನ ಬಳಿ ಸೂಪರ್‌ವೈಸರ್ ನನ್ನನ್ನು ನಿಲ್ಲಿಸಿ, “ಅಪ್ಪನ ಕೆಮ್ಮು ಹೇಗಿದೆಯಮ್ಮಾ?” ಎಂದ. ನಿನ್ನ ಕಾಯಿಲೆಯ ವಿಷಯ ಅಲ್ಲಿ ಯಾರಿಗೂ ಹೇಳಿಲ್ಲ, ಗುಂಗುರಿನವಳಿಗೂ ಸಹ. ಯಾರಾದರೂ ಫೋನ್ ಮಾಡಿ, ನಯವಾಗಿ ಮಾತಾಡಿ, ಮನೆ ಖರ್ಚು ಯಾರು ನೋಡಿಕೊಳ್ಳುತ್ತಾರೆ ಎಂದು ನಿನ್ನನ್ನು ಕೇಳಿದರಾ? ಹೇಳಿದ್ದರೂ ನನಗೆ ಸಿಟ್ಟಿಲ್ಲ. ಏನು ಕೇಳಿದರು, ನೀನು ಏನೆಂದೆ, ಒಂದನ್ನೂ ಬಿಡದೆ ಬರೆ. ಮನೆವಿಷಯ ಕೆದಕಿದ್ದಕ್ಕೆ ಸಾಕ್ಷಿ ಸಿಕ್ಕರೆ ತಂದುಕೊಡು ಎಂದು ಅಧಿಕಾರಿಣಿ ಅವತ್ತೇ ಹೇಳಿದ್ದರು. ಆ ಕೂಗುವ ಮೊಬೈಲನ್ನು ಈಗ ನಂಬಲಾರೆ; ಫೋನಿನಲ್ಲಿ ಮಾತ್ರ ಹೇಳಬೇಡ.